ಚಿಕ್ಕಮ್ಮನ ಕಾಲಿನ ಸೈನ್ಯ

ಬೊಂಬೆಗಳಿಗೆ ನಡೆಯಲು ಕಲಿಸುವುದು ಅವಳ ಕೆಲಸ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿ. ಅಲ್ಲಿ ಒಬ್ಬ ಮುಖ ಬರೆಯುತ್ತಾನೆ, ಇನ್ನೊಬ್ಬ ಕೋಟೆ ಕಟ್ಟುತ್ತಾನೆ, ಇವಳು ಎಲ್ಲರನ್ನೂ ನಡೆಸುತ್ತಾಳೆ. ಹಾಗಾಗಿ ಆಫೀಸಿಗೆಲ್ಲ ಅವಳು 'ಟೀಚರ್'.

ಪರದೆಯ ಮೇಲೆ ಮಾಡಿಸುವುದನ್ನು ಮೊದಲು ತಾವೇ ಮಾಡಿ ನೋಡಬೇಕು, ಅದು ಅಲ್ಲಿನ ಪದ್ಧತಿ. ಗೋಡೆಯಗಲದ ಕನ್ನಡಿಯ ಮುಂದೆ ಗಡ್ಡ ಬಂದ ಗಂಡಸರು ಅಂಬೆಗಾಲಿಡುತ್ತಾರೆ, ಬಾಣ ತಿಂದು ಬೀಳುತ್ತಾರೆ, ಎದ್ದು ಟೀ ಕುಡಿದು ಮತ್ತೆ ಬೀಳುತ್ತಾರೆ. ಕೆಳಗಿನ ಟೈರ್ ಅಂಗಡಿಯವನು ಮೇಲಿರುವುದು ಮೂಳೆ ಆಸ್ಪತ್ರೆಯೆಂದು ನಂಬಿ, ಒಮ್ಮೆ ಬೆನ್ನುನೋವು ತೋರಿಸಲು ಬಂದಿದ್ದ. ಅವನನ್ನು ಕೂರಿಸಿ, ಆ ನೋವನ್ನೇ ವಿಡಿಯೋ ಮಾಡಿಕೊಂಡು ಕಳಿಸಿದರು.

ಯುದ್ಧದ ಆಟವೊಂದಕ್ಕೆ ಮುದಿ ಮಾಟಗಾತಿ ಬೇಕಾದಳು. ಕನ್ನಡಿಯ ಮುಂದೆ ಟೀಚರ್ ಎಷ್ಟು ಬಾಗಿದರೂ ಅದು ಬಾಗಿದ ಹುಡುಗಿಯೇ. ಕೊನೆಗೆ ಮನೆಯ ಕಿಟಕಿಯಲ್ಲಿ ನಿಂತು, ಅಂಗಡಿಗೆ ಹೊರಟ ಚಿಕ್ಕಮ್ಮನ ನಡಿಗೆಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡಳು. ಒಪ್ಪಿಗೆ ಕೇಳಲಿಲ್ಲ. ತಾಯಿಯಿಲ್ಲದ ಅವಳನ್ನು ಸಾಕಿದ ಚಿಕ್ಕಮ್ಮನಿಗೆ ಒಂದು ಕಾಲು ಗಿಡ್ಡ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಸೀರೆಯ ಅಂಚು, ಮೂಗು ಜಗಳಕ್ಕೆ ಹೊರಟಂತೆ ಮುಂದೆ. ಚಿಕ್ಕಂದಿನಿಂದ 'ಬಾತುಕೋಳಿ' ಅನ್ನಿಸಿಕೊಂಡು, ಮಕ್ಕಳು ಶಾಲೆ ಬಿಡುವ ಹೊತ್ತಿಗೆ ಬೀದಿಗೇ ಇಳಿಯದವಳು. ಮನೆಯಲ್ಲಿ ಆ ಕಾಲಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಗೊತ್ತಾದರೆ ಚಿಕ್ಕಮ್ಮ ಮತ್ತೆ ತನ್ನ ಮುಖ ನೋಡುವುದಿಲ್ಲ ಎಂಬ ಭಯ ಅವಳಿಗೆ.

ಆಟದ ಪಾತ್ರಗಳಿಗೆಲ್ಲ ಒಳಗಿರುವುದು ಒಂದೇ ಮೂಲ ಅಸ್ಥಿಪಂಜರ. ಅದಕ್ಕೆ ಕಲಿಸಿದ್ದನ್ನು ಎಲ್ಲರೂ ಕಲಿಯುತ್ತಾರೆ. ಟೀಚರ್ ಅವಸರದಲ್ಲಿ ಮಾಟಗಾತಿಯ ನಡಿಗೆಯನ್ನು ಆ ಮೂಲಕ್ಕೇ ಹಾಕಿಬಿಟ್ಟಳು. ಆಟ ಹಾಗೇ ಪರೀಕ್ಷೆಗೆ ಹೋಯಿತು. ಸೇನಾಪತಿ, ಬಿಲ್ಲುಗಾರರು, ಸಾವಿರಾರು ಕಾಲಾಳುಗಳು, ಎಲ್ಲರಿಗಿಂತ ಮುಂದೆ ಕಿರೀಟ ತೊಟ್ಟ ರಾಜ, ಸೊಂಟದ ಮೇಲೆ ಕೈಯಿಟ್ಟು, ಇಲ್ಲದ ಸೀರೆಯನ್ನು ಎತ್ತಿಕೊಂಡು ರಣರಂಗಕ್ಕೆ ಹೊರಟರು.

ಕಂಪನಿಯ ಯಜಮಾನರು ಕೆಂಡವಾದರು. ಅಷ್ಟರಲ್ಲಿ ಆಡಿ ನೋಡಿದವರೆಲ್ಲ ಇಂಥ ಸೈನ್ಯವನ್ನು ಕಂಡೇ ಇಲ್ಲವೆಂದು ಹೊಗಳಿ ಬರೆದರು. ಯಜಮಾನರು ತಣ್ಣಗಾಗಿ, ಇದು ಮೊದಲಿನಿಂದಲೂ ತಮ್ಮ ತಲೆಯಲ್ಲೇ ಇತ್ತು ಎಂದರು.

ಆಟ ಕಾಳ್ಗಿಚ್ಚಿನಂತೆ ಹಬ್ಬಿತು. ಬಸ್ ಸ್ಟಾಪಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಪ್ರಾಯದವರೆಲ್ಲ ಹಾಗೇ ನಡೆಯತೊಡಗಿದರು. ಕಿಟಕಿಯಿಂದ ನೋಡುತ್ತಿದ್ದ ಚಿಕ್ಕಮ್ಮನಿಗೆ ಅದು ಅಣಕವೆಂದು ಹೊಳೆಯಲೇ ಇಲ್ಲ. ಊರಿಗೇ ಸೊಂಟದ ರೋಗ ತಗುಲಿದೆ ಎಂದುಕೊಂಡಳು. ತಾನು ಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಬಿಸಿಮಾಡಿ ಬೀದಿಗಿಳಿದಳು, ಅದೂ ಶಾಲೆ ಬಿಡುವ ಹೊತ್ತಿಗೇ. ಹಾಗೇ ನಡೆಯುತ್ತಿದ್ದ ಬೇಕರಿಯವನನ್ನು ತಡೆದು ನಿಲ್ಲಿಸಿ ಸೊಂಟಕ್ಕೆ ತಿಕ್ಕಿದಳು. ಅವನು ಸಂಕೋಚಕ್ಕೆ ಎರಡು ಬನ್ನು ಕೊಟ್ಟು ಕಳಿಸಿದ. ಇನ್ನು ಸರ್ಕಾರಿ ವೈದ್ಯರಿಗೇ ಹೇಳಿಬರುತ್ತೇನೆ ಎಂದು ಚಿಕ್ಕಮ್ಮ ಚಪ್ಪಲಿ ಹಾಕಿಕೊಂಡಾಗ ಟೀಚರ್‌ಗೆ ಬೇರೆ ದಾರಿ ಉಳಿಯಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಎಲ್ಲ ಹೇಳಿದಳು.

ಚಿಕ್ಕಮ್ಮ ಮೂಗು ಮುಂದೆ ಮಾಡಿ ನೋಡಿದಳು. ಪರದೆಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಸೈನ್ಯ ಕುಂಟುತ್ತಿತ್ತು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ಕಣೇ."

"ಹೂಂ."

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಚಿಕ್ಕಮ್ಮ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಟೀಚರ್ ನೆಲ ನೋಡುತ್ತಾ ಕೂತಳು.

"ಎಲ್ಲಿಗೆ ಹೊರಟಿದ್ದಾರೆ ಇವರೆಲ್ಲ?"

"ಯುದ್ಧಕ್ಕೆ."

"ಈ ಕಾಲಲ್ಲಿ ಹೋದ್ರೆ ಮುಟ್ಟೋ ಹೊತ್ತಿಗೆ ಯುದ್ಧ ಮುಗಿದಿರುತ್ತೆ. ಬದುಕಿಕೊಂಡ್ವು, ಪಾಪ." ಚಿಕ್ಕಮ್ಮ ಬೆರಳಿನಿಂದ ಕಿರೀಟವನ್ನು ಮುಟ್ಟಿದಳು. "ಇವನಿಗೆ ಬೇಡ. ಯುದ್ಧ ಬೇಕು ಅಂದವನಿಗೆ ನನ್ನ ಕಾಲು ಕೊಡಬೇಡ. ಮಿಕ್ಕವರದ್ದು ಇರಲಿ."

ಮರುದಿನ ಟೀಚರ್ ರಾಜನ ನಡಿಗೆ ಬದಲಿಸಬೇಕೆಂದಳು. ಯಾಕೆ ಎಂದು ಯಜಮಾನರು ಕೇಳಿದ್ದಕ್ಕೆ, ಮನೆಯಲ್ಲಿ ಹೇಳಿದ್ದಾರೆ ಎಂದಳು. ಹಾಗಾದರೆ ಯಾರ ನಡಿಗೆ ಎಂದರು ಅವರು.

ಟೀಚರ್ ಈ ಸಲ ಕೇಳಿಯೇ ಕೇಳಿದಳು, ನಿಮ್ಮ ನಡಿಗೆ ಕೊಡುತ್ತೀರಾ ಎಂದು. ಯಜಮಾನರು ಕೋಟಿನ ಗುಂಡಿ ಹಾಕಿಕೊಂಡು, ಕನ್ನಡಿಯ ಮುಂದೆ ಎದೆಯುಬ್ಬಿಸಿ ನಡೆದರು. ಸಾಕು ಅಂದರೂ ನಿಲ್ಲಿಸಲಿಲ್ಲ.