ಮೊಟ್ಟೆ ಒಲೆಯ ಹದಿನಾಲ್ಕು ತಂತಿ

ನನ್ನ ಭಾವನಿಗೆ ಅಡುಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಹಾಲು ಕಾಯಿಸಲೂ ಬರುತ್ತಿರಲಿಲ್ಲ. ಆದರೆ ಬೆಂಕಿಯ ವಿಷಯದಲ್ಲಿ ಅವರನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಭಟ್ಟಿ ಕಾದ ಮನುಷ್ಯ ಅವರು. ಭಟ್ಟಿಯ ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ ಇತ್ತು. ಕಣ್ಣಿಗೆ ನೀಲಿ ಗಾಜು ಹಿಡಿದು ಅದರೊಳಗೆ ಇಣುಕಿ, ಒಳಗಿನ ಬಣ್ಣ ನೋಡಿಯೇ ಕಾವು ಎಷ್ಟಿದೆ ಎಂದು ಹೇಳುತ್ತಿದ್ದರು. ಅಳೆಯುವ ಯಂತ್ರಕ್ಕೂ ಅವರಿಗೂ ಮಾತು ಹೊಂದದಿದ್ದರೆ ರಿಪೇರಿಗೆ ಹೋಗುತ್ತಿದ್ದುದು ಯಂತ್ರ. ಕಾರ್ಖಾನೆಯವರು ಅವರನ್ನು ಕಿಂಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ನಾನು ದರ್ಜಿ, ಅವರ ಹೆಂಡತಿಯ ತಮ್ಮ. ತಾಳ್ಮೆ ಎಂಬುದು ನನ್ನ ಹತ್ತಿರ ಸುಳಿದದ್ದಿಲ್ಲ. ದಾರ ಎರಡು ಸಲ ಸೂಜಿಗಣ್ಣು ತಪ್ಪಿಸಿದರೆ ಸೂಜಿಯನ್ನೇ ಬೈಯುವವನು ನಾನು. ಭಾವನನ್ನಾದರೋ ಒಂದು ಪ್ರಶ್ನೆ ಕೇಳಿದರೆ, ಅವರು ಉತ್ತರ ಕೊಡುವಷ್ಟರಲ್ಲಿ ನಾನು ಒಂದು ಕಾಲರು ಹೊಲಿದು ಮುಗಿಸಿರುತ್ತಿದ್ದೆ. ಇಪ್ಪತ್ತಾರು ವರ್ಷ ಅವರನ್ನು ಛೇಡಿಸುತ್ತಲೇ ಬಂದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಭಾವ ನಿವೃತ್ತರಾದ ವರ್ಷವೇ ಅಕ್ಕ ಹಾಸಿಗೆ ಹಿಡಿದಳು. ಹೊಟ್ಟೆಯೊಳಗೆ ಗಡ್ಡೆ. ಅದನ್ನು ಕುಗ್ಗಿಸಲು ಕೊಟ್ಟ ಔಷಧಿ ಗಡ್ಡೆಯ ಜೊತೆಗೆ ಅವಳನ್ನೂ ಕುಗ್ಗಿಸಿತು. ಬಾಯಿಗೆ ಏನಿಟ್ಟರೂ ಹಸಿ ಮಣ್ಣು ಇಟ್ಟ ಹಾಗಾಗುತ್ತದೆ ಎನ್ನುತ್ತಿದ್ದಳು. ಅದಕ್ಕಿಂತ ಕಷ್ಟವೆಂದರೆ ಅಡುಗೆಯ ವಾಸನೆ. ಒಳಗೆ ಒಂದು ಈರುಳ್ಳಿ ಹೆಚ್ಚಿದರೂ ಕರುಳು ಕಿತ್ತು ಬರುವ ಹಾಗೆ ವಾಂತಿ. ಎಂಥೆಂಥ ಅಡುಗೆ ಮಾಡಿ ಬಡಿಸಿದವಳ ಮನೆಯಲ್ಲಿ ಒಲೆ ಹಚ್ಚುವುದೇ ನಿಂತುಹೋಯಿತು. ಭಾವ ಹಿತ್ತಲ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ನಾನು ಅಕ್ಕನ ರವಿಕೆಗಳನ್ನು ಮೂರು ತಿಂಗಳಲ್ಲಿ ಮೂರು ಸಲ ಒಳಕ್ಕೆ ಹಿಡಿದು ಹೊಲಿದೆ. ಮೂರನೆಯ ಸಲ ಟೇಪು ಸುತ್ತಿದಾಗ ಬಂದ ಅಳತೆಯನ್ನು ನಾನು ಅವಳಿಗೆ ಹೇಳಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. "ಆಪರೇಷನ್ ಮಾಡ್ಲೇಬೇಕು. ಆದ್ರೆ ಈ ತೂಕದಲ್ಲಿ ನಾನು ಕತ್ತರಿ ಮುಟ್ಟಲ್ಲ, ಇವರು ತಡ್ಕೊಳ್ಳಲ್ಲ. ಐದು ವಾರ ಕೊಡ್ತೀನಿ, ಮೂರು ಕೆಜಿ ಏರಿಸ್ಕೊಂಡು ಬನ್ನಿ" ಎಂದರು. ಏರದಿದ್ದರೆ ಏನು ಎಂದು ಭಾವ ಕೇಳಿದರು. ಡಾಕ್ಟರು ಕಾಗದ ಮಡಿಸುತ್ತಾ, "ಏರಿಸ್ಕೊಂಡು ಬನ್ನಿ" ಎಂದಷ್ಟೇ ಹೇಳಿದರು.

ಮಾರನೆಯ ದಿನ ಭಾವ ತಳ್ಳುಗಾಡಿಯಲ್ಲಿ ಒಂದು ವಿಚಿತ್ರ ವಸ್ತುವನ್ನು ಮನೆಗೆ ತಂದರು. ಎರಡಾಳು ತೂಕದ, ಹಸಿರು ಮೆರುಗಿನ, ದೊಡ್ಡ ಮೊಟ್ಟೆಯಾಕಾರದ ಪಿಂಗಾಣಿ ಒಲೆ. ಮೇಲರ್ಧ ಮುಚ್ಚಳ, ಕೆಳಗರ್ಧ ಇದ್ದಿಲು ತುಂಬುವ ಹೊಟ್ಟೆ, ನಡುವೆ ಕಬ್ಬಿಣದ ಜಾಲರಿ. ಕೆಳಗೆ ಗಾಳಿ ಹೋಗಲು ಒಂದು ಕಂಡಿ, ನೆತ್ತಿಯ ಮೇಲೆ ಹೊಗೆ ಬಿಡಲು ಇನ್ನೊಂದು ಬಾಯಿ. ಎಂಟು ವರ್ಷದ ಹಿಂದೆ ಯಾವುದೋ ದೂರದವರು ಇಂಥವನ್ನು ಮಾಡಿಸಿಕೊಂಡಿದ್ದರಂತೆ. ಮುಚ್ಚಳ ಸರಿಯಾಗಿ ಕೂರಲಿಲ್ಲವೆಂದು ಇದೊಂದನ್ನು ಬಿಟ್ಟುಹೋಗಿದ್ದರು. ಅಂದಿನಿಂದ ಕಾರ್ಖಾನೆಯ ಹಿಂದೆ ಮಳೆನೀರು ಕುಡಿದುಕೊಂಡು ಬಿದ್ದಿತ್ತು.

"ಇದ್ರಲ್ಲಿ ಏನ್ಮಾಡ್ತೀರಾ ಭಾವ, ಕೂತು ಕಾವು ಕೊಡ್ತೀರಾ?" ಎಂದೆ.

"ಅಡುಗೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇದು ಮುಚ್ಚಿದ್ರೆ ವಾಸನೆ ಅಷ್ಟು ಹೊರಗೆ ಬರಲ್ಲ. ಹಿತ್ತಲ ಆ ಮೂಲೇಲಿಟ್ರೆ ನಿಮ್ಮಕ್ಕನ ಕಿಟಕಿಗೆ ತಲುಪೋದೇ ಇಲ್ಲ" ಎಂದರು.

ಮುಚ್ಚಳವನ್ನು ಒದ್ದೆ ಮರಳಿನ ಮೇಲೆ ಕೂರಿಸಿ ಮೂರು ದಿನ ತಿರುಗಿಸಿ ತಿರುಗಿಸಿ ಉಜ್ಜಿದರು. ನನ್ನ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಉಣ್ಣೆ ಕೋಟನ್ನು ಬಳೆಯಾಕಾರ ಕತ್ತರಿಸಿಕೊಂಡು ಅಂಚಿಗೆ ಅಂಟಿಸಿದರು. ಎಂಟು ಮಳೆಗಾಲ ನೆನೆದ ಮಣ್ಣು, ಒಮ್ಮೆಲೇ ಕಾಯಿಸಿದರೆ ಸೀಳುತ್ತದೆಂದು ಇನ್ನೂ ಮೂರು ದಿನ ಒಂದೊಂದು ಹಿಡಿ ಇದ್ದಿಲು ಹಾಕಿ ಒಣಗಿಸಿದರು. ಹೀಗೆ ಐದು ವಾರದಲ್ಲಿ ಆರು ದಿನ ಬರೀ ಒಲೆಯ ಸೇವೆಗೇ ಹೋಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಒಂದು ಇಡೀ ಕೋಳಿ ಇಟ್ಟು ಮುಚ್ಚಿದರು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ನೆತ್ತಿಯ ಬಾಯಿಯ ಮೇಲೆ ಆಗಾಗ ಅಂಗೈ ಹಿಡಿದು, "ಇದೂ ಒಂದು ಬೆಂಕಿನಾ? ನಮ್ಮ ಭಟ್ಟಿ ಆರಿದ್ಮೇಲೂ ಇಷ್ಟು ಬಿಸಿ ಇರುತ್ತೆ" ಎಂದು ಕೆಳಗಿನ ಕಂಡಿ ಇನ್ನಷ್ಟು ತೆಗೆಯುತ್ತಿದ್ದರು. ಒಂದು ಗಂಟೆಗೆ ಎರಡೂ ಬಾಯಿ ಮುಚ್ಚಿ, ಕೈ ಕಟ್ಟಿಕೊಂಡು ಕೂತರು. ತೆಗೆಯಿರಿ ಎಂದೆ. ಆಗಲ್ಲ ಎಂದರು. ಭಟ್ಟಿಯನ್ನು ಕೈ ಮುಟ್ಟುವಷ್ಟು ತಣ್ಣಗಾಗುವವರೆಗೆ ತೆಗೆಯುವ ಹಾಗಿಲ್ಲ, ತಣ್ಣನೆ ಗಾಳಿ ತಾಗಿದರೆ ಇಡೀ ಮಾಲು ಸೀಳಿಹೋಗುತ್ತದೆ.

"ಭಾವ, ಒಳಗಿರೋದು ಕೋಳಿ" ಎಂದೆ.

"ಗೊತ್ತು" ಎಂದರು. ಎದ್ದರೆ ಕೇಳಿ.

ತೆಗೆದದ್ದು ಮಾರನೆಯ ಬೆಳಿಗ್ಗೆ. ಜಾಲರಿಯ ಮೇಲೆ ಮುಷ್ಟಿಗಾತ್ರದ ಒಂದು ಕರೀ ಗಂಟು ಕೂತಿತ್ತು. ಭಾವ ಅದನ್ನು ಬೆರಳಿನಿಂದ ತಟ್ಟಿದರು. ಟಣ್ ಎಂದಿತು. ಮಣ್ಣು ಚೆನ್ನಾಗಿ ಬೆಂದಿದೆಯೇ ಎಂದು ತಟ್ಟಿ ನೋಡುವುದು ಅವರ ಅಭ್ಯಾಸ. ಕಿಟಕಿಯಲ್ಲಿ ದಿಂಬಿಗೊರಗಿ ಕೂತಿದ್ದ ಅಕ್ಕ ಇದನ್ನೆಲ್ಲ ನೋಡಿದಳು. "ಏನ್ರೀ, ಕೋಳಿನ ಸುಟ್ಟು ಭರಣಿ ಮಾಡಿದ್ರಾ? ಉಪ್ಪಿನಕಾಯಿ ಹಾಕ್ಬಹುದು ಬಿಡಿ" ಎಂದಳು. ಎಷ್ಟೋ ವಾರದ ಮೇಲೆ ಅವಳು ನಕ್ಕದ್ದು ಅಂದು. ಭಾವನಿಗೆ ಬೇಜಾರಾಗಲೇ ಇಲ್ಲ. ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಕೋಳಿಯನ್ನು ಕಸದ ಬುಟ್ಟಿಗೆ ಹಾಕಿ ಬಂದರು.

ಅಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು, ದಪ್ಪ ತಂತಿ ಇದ್ದರೆ ಕೊಡು ಎಂದರು. ಬಟ್ಟೆ ತೂಗುಹಾಕುವ ಹ್ಯಾಂಗರುಗಳನ್ನೇ ಕೊಟ್ಟೆ. ಅವನ್ನು ನೇರ ಮಾಡಿ, ತುದಿಯಲ್ಲಿ ಕೊಕ್ಕೆ ಬಗ್ಗಿಸಿದರು. ಭಟ್ಟಿಯಲ್ಲಿ ಮಾಲು ಬೇಯುವಾಗ ಕಿಂಡಿಯ ಹತ್ತಿರ ಮಣ್ಣಿನ ಸಣ್ಣ ಸಣ್ಣ ಉಂಗುರಗಳನ್ನು ಇಟ್ಟಿರುತ್ತಾರೆ. ಬಾಗಿಲು ತೆಗೆಯದೆ, ಕಬ್ಬಿಣದ ಸರಳಿನಿಂದ ಒಂದೊಂದೇ ಉಂಗುರವನ್ನು ಹೊರಗೆಳೆದು ನೋಡಿದರೆ ಒಳಗಿನ ಮಾಲು ಎಷ್ಟು ಬೆಂದಿದೆ ಎಂದು ತಿಳಿಯುತ್ತದೆ. ಭಾವ ಆಲೂಗೆಡ್ಡೆಯ ನಾಲ್ಕು ಹೋಳಿಗೆ ಬೆಣ್ಣೆ ಸವರಿ, ನಾಲ್ಕು ತಂತಿಗೆ ಸಿಕ್ಕಿಸಿ, ಮೊಟ್ಟೆಯ ನೆತ್ತಿಯ ಬಾಯಿಂದ ಒಳಗೆ ಇಳಿಬಿಟ್ಟರು. ಕೆಳಗೆ ಜಾಲರಿಯ ಮೇಲೆ ಕುಂಬಳಕಾಯಿ, ಗೆಣಸು, ಎರಡನೆಯ ಕೋಳಿ.

ಮೊದಲ ತಂತಿ ಎಳೆದು ಹೋಳನ್ನು ಒತ್ತಿ ನೋಡಿದರು. ಅವರಿಗೇನು ತಿಳಿಯಬೇಕು? ಮಣ್ಣಾಗಿದ್ದರೆ ಹೇಳುತ್ತಿದ್ದರು. ಸೀದಾ ಕಿಟಕಿಗೆ ನಡೆದು, ಸರಳುಗಳ ನಡುವೆ ತಂತಿ ಚಾಚಿದರು. "ನೋಡು, ಬೆಂದಿದ್ಯಾ?"

ಅಕ್ಕ ಮುಖ ಆಚೆ ತಿರುಗಿಸಿಕೊಂಡೇ ಎರಡು ಬೆರಳಿಂದ ಒತ್ತಿದಳು. "ನಡುವೆ ಗಟ್ಟಿ ಇದೆ. ಇನ್ನೊಂದು ಅರ್ಧ ಗಂಟೆ."

ಅರ್ಧ ಗಂಟೆಗೆ ಎರಡನೆಯದು ಬಂತು. ಒತ್ತಿದಳು, ಮುರಿದಳು, ಮೂಸಲಿಲ್ಲ. ಮೂರನೆಯದು ಬಂದಾಗ ನಾನು ಕೋಣೆಯಲ್ಲೇ ಇದ್ದೆ. ಒತ್ತಿ ನೋಡಿ, ಸಮಾಧಾನವಾಗದೆ, ಒಂದು ಚೂರು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಮೂವತ್ತು ವರ್ಷ ಅಡುಗೆ ಮಾಡಿದ ಕೈ ಬಾಯಿಗೆ ತಾನಾಗಿಯೇ ಹೋಗುತ್ತದೆ. ಕಚ್ಚಿದ್ದನ್ನು ನುಂಗಿದಳು. "ಇನ್ನು ಹತ್ತು ನಿಮಿಷ ಸಾಕು" ಎಂದಳು. ಭಾವ ಏನೂ ಆಗದವರ ಹಾಗೆ ತಲೆಯಾಡಿಸಿ ಹೋದರು.

ಅಂದು ಜಾಲರಿಯ ಮೇಲಿನ ಕೋಳಿ ಹದವಾಗಿ ಬೆಂದಿತ್ತು. ನಾನು ಹಿತ್ತಲಲ್ಲೇ ನಿಂತು ತಿಂದೆ. ಅಷ್ಟು ಮೆತ್ತಗಿನ, ರಸ ತುಂಬಿದ ಮಾಂಸ ನಾನು ಜನ್ಮದಲ್ಲಿ ತಿಂದಿರಲಿಲ್ಲ. ಅಷ್ಟು ಹೊತ್ತು ಉರಿದ ಒಲೆಯ ಮೈಗೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಹಣೆಯಷ್ಟೇ ಬಿಸಿ. ಎರಡೂ ಬಾಯಿ ಮುಚ್ಚಿದರೆ ಉಸಿರಿಲ್ಲದೆ ಬೆಂಕಿ ಸುಮ್ಮನೆ ಆರುತ್ತದೆ, ಉಳಿದ ಇದ್ದಿಲು ನಾಳೆಗೆ ಹಾಗೇ ಇರುತ್ತದೆ. ಒಂದು ಬೊಗಸೆ ಇದ್ದಿಲು, ಒಂದು ದಿನದ ಅಡುಗೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಅಕ್ಕನ ತಟ್ಟೆ ಮುಟ್ಟದೆ ವಾಪಸಾಯಿತು. ತಟ್ಟೆ ಕಂಡರೇ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು.

ಮರುದಿನ ಆರು ತಂತಿ. ಅದರ ಮರುದಿನ ಒಂಬತ್ತು. ಆಲೂಗೆಡ್ಡೆಯ ಜೊತೆಗೆ ಗೆಣಸು, ಕುಂಬಳ, ಕೋಳಿಯ ತುಂಡು, ಎಲ್ಲದಕ್ಕೂ ಬೆಣ್ಣೆ ದಪ್ಪ ದಪ್ಪ. ಎರಡನೆಯ ವಾರಕ್ಕೆ ನೆತ್ತಿಯ ಬಾಯಿಯ ಸುತ್ತ ಹದಿನಾಲ್ಕು ಕೊಕ್ಕೆಗಳು. "ಭಾವ, ಅಡುಗೆಗಿಂತ ಪರೀಕ್ಷೆನೇ ಜಾಸ್ತಿ ಆಯ್ತಲ್ಲ. ಇಷ್ಟು ದಿನಕ್ಕೆ ಮಂಗನಿಗೂ ಹದ ತಿಳಿದಿರ್ತಿತ್ತು" ಎಂದು ನಾನು ಸಿಡುಕಿದೆ. ಅವರು ನನ್ನನ್ನು ಒಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಕಿಟಕಿಗೆ ಕೇಳದ ಹಾಗೆ, "ನಂಗೆ ಮೂರನೇ ದಿನವೇ ತಿಳೀತು ಕಣೋ. ಬಾಯಿ ಮುಚ್ಕೊಂಡಿರು" ಎಂದರು.

ನನ್ನ ದಡ್ಡತನ ನನಗೆ ಆಗ ಹೊಳೆಯಿತು. ಪ್ರತಿ ನಲವತ್ತು ನಿಮಿಷಕ್ಕೊಂದು ಹೋಳು, ಹೆಬ್ಬೆಟ್ಟಿನ ಗಾತ್ರದ್ದು, ಬೆಳಿಗ್ಗೆಯಿಂದ ಸಂಜೆಯವರೆಗೆ. ಊಟ ಎಂದರೆ ಬೇಡ ಎನ್ನುವವಳು, ಬೆಂದಿದೆಯೇ ನೋಡು ಎಂದರೆ ಬೇಡ ಎನ್ನುತ್ತಿರಲಿಲ್ಲ. ಎರಡು ಮಾತು ಜೋಡಿಸಿ ಆಡಲು ಬಾರದ ಮನುಷ್ಯ ಇದನ್ನು ಯಾವಾಗ ಯೋಚಿಸಿದರು, ಹೇಗೆ ಯೋಚಿಸಿದರು? ನಾನು ಅವರ ಮುಂದೆ ನಿಂತು ಅವರನ್ನೇ ನೋಡಿದೆ. ಆ ದಿನ ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು, ನಿಜವಾಗಿ. ಮುಟ್ಟಲಿಲ್ಲ. ಇನ್ನಷ್ಟು ಹ್ಯಾಂಗರು ತಂದುಕೊಟ್ಟೆ.

ಬಿಸಿಲಿರಲಿ, ಹನಿಯಿರಲಿ, ಒಂದು ದಿನವೂ ತಪ್ಪಲಿಲ್ಲ. ಹಿತ್ತಲ ಮೂಲೆಯಿಂದ ಕಿಟಕಿಗೆ ಹತ್ತೊಂಬತ್ತು ಹೆಜ್ಜೆ. ತಂತಿ ಹಿಡಿದು ಹೋಗುವುದು, ಸರಳಿನ ನಡುವೆ ಚಾಚುವುದು, ಅವಳ ತೀರ್ಪು ಕೇಳುವುದು, ವಾಪಸು ಬರುವುದು. ಅಕ್ಕ ದಿನ ದಿನಕ್ಕೆ ಕಟ್ಟುನಿಟ್ಟಾದಳು. "ಕುಂಬಳ ಅತಿಯಾಯ್ತು, ಗಾಳಿ ಕಮ್ಮಿ ಮಾಡಿ", "ಈ ಗೆಣಸು ನಾರು, ನಾಳೆ ಬೇರೆ ತನ್ನಿ" ಎಂದು ಒಳಗಿಂದಲೇ ಕಾರುಬಾರು. ನಾಲ್ಕನೆಯ ವಾರ ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ನಡೆದು ಬಂದಳು. ಭಾವ ಅಂದು ಹತ್ತೊಂಬತ್ತರ ಬದಲು ಹನ್ನೊಂದೇ ಹೆಜ್ಜೆ ನಡೆದರು.

ಐದನೆಯ ವಾರ ಮುಗಿದ ದಿನ ಮೂವರೂ ಆಸ್ಪತ್ರೆಗೆ ಹೋದೆವು. ಅಕ್ಕ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಳು. ಎಷ್ಟೆಷ್ಟೋ ಉರಿಗಳ ಬಣ್ಣ ದಿಟ್ಟಿಸಿದ ಭಾವ ಅಂದು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. "ನೀನೇ ನೋಡಪ್ಪ" ಎಂದರು. ಮೂರು ಕೆಜಿಗೆ ಇನ್ನೂರು ಗ್ರಾಂ ಮೇಲೆ. ನಾನು ಎರಡೆರಡು ಸಲ ಓದಿ ಹೇಳಿದೆ. ಡಾಕ್ಟರು ಕಾರ್ಡಿನಲ್ಲಿ ಆಪರೇಷನ್ನಿನ ದಿನ ಬರೆದರು, ಬರುವ ಗುರುವಾರ.

ಹೊರಗೆ ಬೆಂಚಿನ ಮೇಲೆ ಕೂತಾಗ ಭಾವನಿಗೆ ತಡೆಯಲಾಗಲಿಲ್ಲ. ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ.

"ಒಂದು ಮಾತು ಹೇಳ್ಬೇಕು. ಅಷ್ಟು ತಂತಿ ಬೇಕಾಗಿರ್ಲಿಲ್ಲ. ನಂಗೆ ಹದ ಗೊತ್ತಾಗಿತ್ತು" ಎಂದರು.

"ಗೊತ್ತು" ಎಂದಳು ಅಕ್ಕ.

"ಯಾವಾಗಿಂದ?"

"ಒಂಬತ್ತು ತಂತಿ ಹಾಕಿದ ದಿನದಿಂದ. ನಾನೇನು ಅಷ್ಟು ದಡ್ಡಿನಾ?"

ಭಾವ ಅವಳ ಕಡೆ ತಿರುಗಿದರು. "ಹಾಗಾದ್ರೆ ರುಚಿ ಹತ್ತಿತ್ತಾ ನಿಂಗೆ? ಅದಕ್ಕೇ ತಿಂದ್ಯಾ?"

"ಇಲ್ಲಾರೀ. ಒಂದು ದಿನವೂ ಹತ್ತಿಲ್ಲ. ಇವತ್ತಿಗೂ ಬಾಯಲ್ಲಿ ಮಣ್ಣೇ" ಎಂದಳು ಅಕ್ಕ. ಆಮೇಲೆ ಅವರ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ತಂತಿ ತಾಗಿ ಸುಟ್ಟ ಗೆರೆಗಳು ಆ ಬೆರಳುಗಳ ತುಂಬ ಇದ್ದವು. "ನೀವು ಆ ಬಿಸಿಲಲ್ಲಿ ನಡ್ಕೊಂಡು ಬಂದು, ಕೈ ಚಾಚಿ ನಿಂತ್ಕೋತಿದ್ರಿ. ಬೇಡ ಅಂದ್ರೆ ಮತ್ತೆ ಅಲ್ಲೀವರೆಗೂ ಅದನ್ನ ಹಿಡ್ಕೊಂಡೇ ವಾಪಸ್ ಹೋಗ್ಬೇಕಲ್ಲ ಅಂತ ನುಂಗ್ತಿದ್ದೆ."

ಹದಿನಾಲ್ಕು ತಂತಿ, ನಾಲ್ಕು ವಾರ, ಒಂದೊಂದು ತುತ್ತೂ ಮಣ್ಣು. ನಾನು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಇಷ್ಟು ದಿನ ನಾನು ಒಬ್ಬರನ್ನು ಮಾತ್ರ ನೋಡಿ ಬೆರಗಾಗಿದ್ದೆ. ಅವರಿಬ್ಬರನ್ನೂ ಬೆಂಚಿನ ಮೇಲೆ ಬಿಟ್ಟು, ಔಷಧಿಯ ಚೀಟಿ ಹಿಡಿದು ನಾನು ಸಾಲಿನಲ್ಲಿ ಹೋಗಿ ನಿಂತೆ.