ಕಡಲೆಕಾಳನ್ನು ದಾಟದ ಕೂಸು

ಮುಟ್ಟು ನಿಂತು ಹದಿನೈದು ದಿನವಾದಾಗ ನಮ್ಮತ್ತೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಜೋಳದ ಒಂದು ಕಾಳನ್ನು ನನ್ನ ಅಂಗೈಯಲ್ಲಿಟ್ಟರು.

"ಈಗ ಇಷ್ಟ ಐತಿ. ಕಳ್ಳ ಕುಬಸ ಆಗೂತನಾ ಯಾರ ಮುಂದೂ ಬಾಯಿ ಬಿಡಬ್ಯಾಡ."

ಮುಂಡರಗಿಯಿಂದ ಅಡರಕಟ್ಟಿಗೆ ಸೊಸೆಯಾಗಿ ಬಂದು ನನಗೆ ನಾಲ್ಕು ವರ್ಷವಾಗಿತ್ತು. ಓಣಿಯ ಹೆಂಗಸರು ನನ್ನ ಮುಖ ನೋಡುವುದನ್ನೇ ಬಿಟ್ಟು ಹೊಟ್ಟೆ ನೋಡಿ ಮಾತಾಡಿಸುತ್ತಿದ್ದರು. ಈ ವರ್ಷ ಕಾದು ನೋಡಿ ಮಗನಿಗೆ ಇನ್ನೊಂದು ಮದುವೆ ಮಾಡುವುದೆಂದು ಮಾವ ಪಡಸಾಲೆಯಲ್ಲಿ ನನಗೆ ಕೇಳುವಂತೆಯೇ ಹೇಳಿದ್ದರು. ಅದು ತಪ್ಪೆಂದು ಕಾನೂನು ಬಂದಿತ್ತಂತೆ. ನಮ್ಮ ಓಣಿಗೆ ಬಂದಿರಲಿಲ್ಲ.

ಎರಡನೆಯ ತಿಂಗಳಿಗೆ ಅತ್ತೆ ಕಡಲೆಕಾಳು ಕೊಟ್ಟರು. ಈಗ ಎದೆ ಬಡಿಯುತ್ತದೆ, ಕೈಕಾಲು ಮೊಳೆಯುತ್ತವೆ ಎಂದರು. ಮೂರು ತುಂಬುವಾಗ ಸಿಪ್ಪೆ ಸಮೇತ ಶೇಂಗಾಕಾಯಿಯಷ್ಟಾಗಿ ಮೂಗು, ಬಾಯಿ, ಬೆರಳು ಎಲ್ಲ ತಿಳಿಯುತ್ತವಂತೆ.

"ನಿಮಗ ಹ್ಯಾಂಗ ಗೊತ್ತರಿ, ಅತ್ತಿ?" ಎಂದೆ.

"ರೊಟ್ಟಿ ಹೊತ್ತತಾವ, ನೋಡು" ಎಂದು ಅವರು ಒಲೆಯ ಕಡೆ ತಿರುಗಿದರು.

ಆ ಕಡಲೆಕಾಳನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ವಾಂತಿ ಮಾಡುತ್ತಲೇ ಗಂಟು ಮುಟ್ಟಿ ನೋಡುತ್ತಿದ್ದೆ. ಕೆಲವು ದಿನಗಳ ಮೇಲೆ ವಾಂತಿ ಒಮ್ಮೆಲೇ ನಿಂತಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಕೂಸು ಹೊಂದಿಕೊಂಡಿತೆಂದು ಅತ್ತೆಯೂ ಹಿಗ್ಗಿದರು. ಎಂಥ ಮಂಕು ಕವಿದಿತ್ತು ನಮಗೆ!

ಆಮೇಲೆ ಸೀರೆಗೆ ಕಂದು ಬಣ್ಣದ ಕಲೆ ಕಂಡಿತು. ನಾನು ಯಾರಿಗೂ ಹೇಳಲಿಲ್ಲ. ಹೇಳಬಾರದು ಎಂದಿದ್ದರಲ್ಲ! ಅತ್ತೆ ಹೇಳಿದ್ದು ಬಸಿರಿನ ಮಾತು, ಕಲೆಯ ಮಾತಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಬಾಯಿಬಿಟ್ಟರೆ ಅದು ಖರೆಯಾಗಿಬಿಡುತ್ತದೆಂಬ ಹೆದರಿಕೆ. ಎಂಟು ದಿನ ಹಿತ್ತಲಲ್ಲಿ ಒಬ್ಬಳೇ ಸೀರೆ ಒಗೆದೆ.

ಮೂರನೆಯ ತಿಂಗಳಲ್ಲಿ ತವರಿನವರು ಗುಟ್ಟಾಗಿ ಬಂದು ಬಸುರಿಗೆ ಹಸಿರು ಕುಪ್ಪಸ ತೊಡಿಸುವುದು ನಮ್ಮ ಕಡೆಯ ಪದ್ಧತಿ. ಅದೇ ಕಳ್ಳ ಕುಬಸ. ಅವ್ವ ಬಂದ ದಿನವೇ ಕನ್ನಡ ನಾಡೆಲ್ಲ ಒಂದಾದದ್ದು. ಲಕ್ಷ್ಮೇಶ್ವರದಲ್ಲಿ ಬಸ್ಸಿಗೆ ತೋರಣ ಕಟ್ಟಿದ್ದರಂತೆ, ಇಳಿದವರಿಗೆಲ್ಲ ಪೇಢೆ ಹಂಚಿದರಂತೆ. ಅವ್ವ ತನ್ನ ಪೇಢೆಯನ್ನು ತಿನ್ನದೆ ತಂದು ನನ್ನ ಬಾಯಿಗಿಟ್ಟಳು.

"ನಿನ್ನ ಕೂಸು ಇನ್ನ ಬ್ಯಾರೆ ರಾಜ್ಯದಾಗ ಹುಟ್ಟತೈತಿ ನೋಡವಾ" ಎಂದು ನಕ್ಕಳು.

ಪೇಢೆ ತಿಂದೆ. ಹಸಿರು ಕುಪ್ಪಸ ತೊಟ್ಟೆ, ಉಡಿ ತುಂಬಿಸಿಕೊಂಡೆ, ಅವ್ವನ ಕಾಲಿಗೆ ಬಿದ್ದೆ. ಆಗಲೂ ಹೇಳಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಬಸ್ಸು ಹತ್ತಿದ ಮೇಲೆ ಬಚ್ಚಲಲ್ಲಿ ಎಲ್ಲ ಮುಗಿಯಿತು. ಅತ್ತೆ ಬೈಯಲಿಲ್ಲ. ಬೋಗುಣಿಯ ನೀರಿನಲ್ಲಿ ತೊಳೆದು ನೋಡಿದರು.

"ಕಡ್ಲಿಕಾಳ ದಾಟಿಲ್ಲ. ಯಾವಾಗೋ ನಿಂತು ಬಿಟ್ಟೈತಿ."

ವಾಂತಿ ನಿಂತ ದಿನ ನನಗೆ ನೆನಪಾಯಿತು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದೆ. ಇಂದಿಗೂ ಆ ರೊಟ್ಟಿಗಳ ಮೇಲೆ ನನಗೆ ಸಿಟ್ಟು.

ಅತ್ತೆ ಹಿತ್ತಲಲ್ಲಿ ಕುಣಿ ತೋಡಿದರು. ಮಣ್ಣು ಮುಚ್ಚುತ್ತ, ಅಂದು ಒಲೆಯ ಮುಂದೆ ನಾನು ಕೇಳಿದ್ದಕ್ಕೆ ಈಗ ಉತ್ತರ ಹೇಳಿದರು.

"ಜ್ವಾಳದ್ದು ಅಂದಾಜಿಲೆ ಹೇಳಿದ್ದೆ. ಕಡ್ಲಿದು, ಶೇಂಗಾದ್ದು ಕೈಯಾಗ ಹಿಡದು ನೋಡೇನಿ. ಎರಡೂ ನನ್ನವ."

ಬೇಸಿಗೆಯಲ್ಲಿ ಸವತಿ ಬಂದಳು. ಹಸಿರು ಕುಪ್ಪಸವನ್ನು ನಾನು ಟ್ರಂಕಿನ ತಳಕ್ಕೆ ಹಾಕಿದೆ. ನನಗೆ ಮುಂದೆ ಬಸಿರು ನಿಲ್ಲಲಿಲ್ಲ.

ಸವತಿ ಬಸುರಾಗುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಅವಳು ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಕುಳಿತಳು.

"ಅಕ್ಕಾ, ಈಗ ಎಷ್ಟಾಗಿರತೈತ್ರಿ?"

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಆದರೂ ಚೀಲದಿಂದ ಒಂದು ಜೋಳದ ಕಾಳು ತೆಗೆದು ಅವಳ ಅಂಗೈಯಲ್ಲಿಟ್ಟೆ.

"ಯಾರ ಮುಂದೂ ಹೇಳಬ್ಯಾಡ. ಸೀರಿಗೆ ಕಲಿ ಕಂಡರ ಮಾತ್ರ ಆಗಿಂದಾಗ ನನಗ ಹೇಳು."

ಕಲೆ ಕಾಣಲಿಲ್ಲ. ಮುಂದೆ ಕಡಲೆ ಕೊಟ್ಟೆ, ಶೇಂಗಾಕಾಯಿ ಕೊಟ್ಟೆ. ನಾಲ್ಕನೆಯ ತಿಂಗಳಿಗೆ ಅವಳು ಮತ್ತೆ ಬಂದು ಅಂಗೈ ಚಾಚಿದಳು. ಅಲ್ಲಿಂದ ಮುಂದಿನದು ನನಗೆ ಗೊತ್ತಿರಲಿಲ್ಲ.