ಗಿರ್ಮಿಟ್ಟನ ಊಟೋಪಚಾರ

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದಾಗ ಅಡುಗೆಮನೆಯ ಕಿಟಕಿಯಿಂದ ಉಪ್ಪಿಲ್ಲದ ಜೋಳದ ನುಚ್ಚು ಕುದಿಯುವ ವಾಸನೆ ಬಂತು. ಉಪ್ಪು ಹಾಕಿದ ನುಚ್ಚಿಗೂ ಹಾಕದ ನುಚ್ಚಿಗೂ ವಾಸನೆಯಲ್ಲಿ ಫರಕು ಇರುತ್ತದೆಯೇ ಎಂದು ನೀವು ಕೇಳಬಹುದು. ಇರುತ್ತದೆ. ನಮ್ಮ ಮನೆಯಲ್ಲಿ ಕೆಲವು ವರ್ಷ ಇದ್ದರೆ ನಿಮಗೂ ತಿಳಿಯುತ್ತದೆ. ಉಪ್ಪು ಹಾಕಿದ್ದು ನನಗೆ, ಹಾಕದ್ದು ಗಿರ್ಮಿಟ್ಟನಿಗೆ. ಅವ್ವ ಎದುರು ನಿಂತು ಕೈಯಾಡಿಸುವುದು ಎರಡನೆಯದನ್ನು. ತಳ ಹತ್ತುವುದು ಯಾವಾಗಲೂ ನನ್ನದು.

ಗಿರ್ಮಿಟ್ ನಮ್ಮ ನಾಯಿ. ಬೆಟಗೇರಿಯ ನಮ್ಮ ಮನೆಗೆ ಅವನು ಬಂದದ್ದು ಸೊರಟೂರಿನ ಗೆಳೆಯನ ಹೊಲದಿಂದ, ಮೋಟಾರ್ ಸೈಕಲ್ಲಿನ ಮೇಲೆ, ನನ್ನ ಸ್ವೆಟರಿನೊಳಗೆ ಕುಳಿತು. ಬಿಳಿ, ಹಳದಿ, ಕಂದು ಎಲ್ಲವನ್ನೂ ಕಲಸಿಟ್ಟಂಥ ಅವನ ಮೈ ನೋಡಿ ನನ್ನ ಹೆಂಡತಿ ಶಾರದಾ, "ಥೇಟ್ ಗಿರ್ಮಿಟ್ ಇದ್ದಂಗ ಐತಲ್ರಿ" ಎಂದಳು. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಯ ಗೊಜ್ಜು ಕಲಸಿ ಪುಠಾಣಿ ಹಿಟ್ಟು ಉದುರಿಸಿದ ನಮ್ಮ ಸಂಜೆಯ ತಿಂಡಿಯ ಹೆಸರು ಹೀಗೆ ಅವನಿಗೆ ಅಂಟಿಕೊಂಡಿತು. ನಾಯಿಗೆ ಉಳ್ಳಾಗಡ್ಡಿ ಆಗಿಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಪಾಪ, ಗಿರ್ಮಿಟ್ ಈ ಜನ್ಮದಲ್ಲಿ ಗಿರ್ಮಿಟ್ ತಿನ್ನುವಂತಿಲ್ಲ.

ಅವ್ವ ಅವನನ್ನು ಹೊಸ್ತಿಲಲ್ಲೇ ತಡೆದಳು. "ಹಿತ್ತಲದಾಗ ಇರಲಿ. ಒಳಗ ಬಂದ್ರ ನಾ ಲಕ್ಷ್ಮೇಶ್ವರಕ್ಕ ಹೊಂಟೆ, ನೋಡು."

ಲಕ್ಷ್ಮೇಶ್ವರ ಅವ್ವನ ತವರು. ಸಾರು ಖಾರವಾಯಿತು ಎಂದು ಯಾರಾದರೂ ಅಂದರೂ ಅವಳು ಅಲ್ಲಿಗೆ ಹೊರಡುವವಳೇ. ಹೋದದ್ದನ್ನು ಮಾತ್ರ ನಾನು ಕಂಡಿಲ್ಲ. ಅವತ್ತೂ ಹೋಗಲಿಲ್ಲ. ಸಂಜೆ ಮರಿ ಕುಂಯ್‌ಗುಟ್ಟತೊಡಗಿದಾಗ, "ಹಾಳಾದ್ದು, ತಾಯಿನ್ನ ಬಿಟ್ಟು ಬಂದೈತಿ" ಎಂದು ಬಯ್ಯುತ್ತಲೇ ಬಟ್ಟಲು ತುಂಬ ಎಮ್ಮೆಯ ಹಾಲು ತಂದಿಟ್ಟಳು.

ಆ ಹಾಲು ಮರಿಯ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮರುದಿನ ಹಿತ್ತಲು ತೊಳೆದವನು ನಾನು. ಕಾಲೇಜಿನಲ್ಲಿ ಗಣಿತ ಕಲಿಸುವವನಲ್ಲವೇ, ಇದಕ್ಕೊಂದು ಲೆಕ್ಕ ಇರಲೇಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಗದಗಿನ ಪೇಟೆಯಿಂದ ಮರಿಗಳಿಗೆಂದೇ ಮಾಡಿದ ಆಹಾರದ ಚೀಲ ತಂದೆ. ಮರಿಯನ್ನು ತಕ್ಕಡಿಯಲ್ಲಿಟ್ಟು ತೂಗಿದೆ. ಗಿರ್ಮಿಟ್ ಆ ಕಾಳುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿ ಶಾರದಾಳ ಚಪ್ಪಲಿಯಲ್ಲಿಟ್ಟು ಬಂದ. ಅದಾದ ಮೇಲೆ ಅನ್ನ ಮೊಸರು, ಅದರ ಮರುದಿನ ಬೇಳೆಯ ಕಟ್ಟು. ದಿನಕ್ಕೊಂದು ಊಟ ಬದಲಾದಂತೆ ಹಿತ್ತಲಿನ ಪರಿಸ್ಥಿತಿಯೂ ಹದಗೆಡುತ್ತ ಹೋಯಿತು. ಕೊನೆಗೆ ದನದ ಡಾಕ್ಟರ ಬಳಿಗೆ ಹೊತ್ತುಕೊಂಡು ಹೋದೆವು. ನಾಯಿ ನೋಡುವವರೂ ಅವರೇ.

"ಸರ, ಹಾಲು ನಿಲ್ಲಿಸ್ರಿ" ಎಂದರು ಅವರು. "ಊಟ ಬದಲಿ ಮಾಡೂದಾದ್ರ ಒಮ್ಮಿಗೇ ಮಾಡಬ್ಯಾಡ್ರಿ. ಹಳೇದರಾಗ ಹೊಸಾದು ಚೂರು ಚೂರು ಕೂಡಿಸ್ಕೋತ ಹೋಗ್ರಿ."

ಮನೆಗೆ ಬಂದು ಹೇಳಿದಾಗ ಅವ್ವ ತಲೆದೂಗಿದಳು. "ಖರೆ ಐತಿ. ನಮ್ಮ ಶಾರದಾ ಮುಂಡರಗಿಯಿಂದ ಬಂದಾಗ ನಮ್ಮನಿ ಖಾರ ಹಂಗ ರೂಢಿ ಮಾಡಿಸಿದ್ನಲ್ಲ?"

"ಎಲ್ಲಿ ಮಾಡ್ಸಿದ್ರಿ ಅತ್ತಿ? ಮೊದಲನೇ ದಿನನ ರಂಜಕಾ ಬಡಿಸಿದ್ರಿ" ಎಂದಳು ಶಾರದಾ. ಕೆಂಪು ಮೆಣಸಿನಕಾಯಿ ರುಬ್ಬಿದ ಆ ಚಟ್ನಿಯ ನೆನಪಿಗೆ ಅವಳ ಕಣ್ಣಲ್ಲಿ ಈಗಲೂ ನೀರು ಬರುತ್ತದೆ. ಅತ್ತೆ ಸೊಸೆ ಇಬ್ಬರೂ ನಕ್ಕರು.

ನುಚ್ಚು, ಮೇಲೆ ಒಂದಿಷ್ಟು ಬೇಳೆ, ತುಸು ಮೊಸರು, ಹೀಗೆ ಗಿರ್ಮಿಟ್ಟನ ಹೊಟ್ಟೆ ಹದಕ್ಕೆ ಬಂತು. ಆದರೆ ಮರಿಗಳು ನಮ್ಮ ಅನುಕೂಲ ನೋಡಿಕೊಂಡು ಬೆಳೆಯುವುದಿಲ್ಲ. ಕಿವಿ ಒಂದು ವಾರ ಬೆಳೆದರೆ ಬಾಲ ಇನ್ನೊಂದು ವಾರ ಬೆಳೆಯಿತು, ಕಾಲುಗಳಂತೂ ಎಲ್ಲವನ್ನೂ ಬಿಟ್ಟು ಮುಂದೆ ಓಡಿದವು. ಅಷ್ಟರಲ್ಲೇ ಒಂದು ದಿನ ಅವ್ವ ಗಮನಿಸಿದಳು: ಮರಿ ಚೆಂಡಿನ ಹಿಂದೆ ಓಡಿದ್ದು ನಡುವೆಯೇ ಕುಳಿತುಬಿಡುತ್ತದೆ. ಮುಂಗಾಲುಗಳು ಹೊರಕ್ಕೆ ಬಾಗಿವೆ. ಏಳುವಾಗ ಮೆಲ್ಲಗೆ ನರಳುತ್ತದೆ.

ಈ ಸಲ ಅವ್ವನೂ ಡಾಕ್ಟರ ಬಳಿ ಬಂದಳು. ಅವರು ಕಾಲು ಮುಟ್ಟಿ ನೋಡಿ ಹೇಳಿದರು: "ಮರಿ ಜೋರು ಬೆಳ್ಯಾಕ ಹತ್ತೈತಿ, ಊಟ ಸಾಲವಲ್ದು. ಈಗ ನೋಡ್ಕೊಂಡ್ರ ಕಾಲು ನೆಟ್ಟಗಾಗ್ತಾವು, ಬಿಟ್ರ ಹಂಗ ಉಳಿತಾವು. ನಾ ಕೊಡೋ ಔಷಧದ ಜೋಡಿ ದಿನಾ ಬೇಸಿದ ತತ್ತಿ ಹಾಕ್ರಿ."

ತತ್ತಿ ಎಂದರೆ ಮೊಟ್ಟೆ. ನಮ್ಮ ಮನೆಯಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ. ಅಂಗಡಿಯಲ್ಲಿ ಮೊಟ್ಟೆಯ ತಟ್ಟೆ ಇಟ್ಟಿದ್ದರೆ ಅವ್ವ ಸಕ್ಕರೆಯನ್ನು ಬೇರೆ ಅಂಗಡಿಯಿಂದ ತರಿಸುವವಳು. ಸಂಜೆಯೆಲ್ಲ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಬಾಗಿದ ಕಾಲುಗಳನ್ನು ಸವರುತ್ತ ಕುಳಿತಿದ್ದಳು. ಹಿತ್ತಲಿನ ನಾಯಿ ಅವಳ ತೊಡೆಯವರೆಗೆ ಯಾವಾಗ ಬಂದಿತ್ತೋ ನಮಗೂ ಗೊತ್ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಹಿತ್ತಲಿನ ಮೋಟುಗೋಡೆಯ ಬಳಿ ಹೋಗಿ ನಿಂತಳು. ಗೋಡೆಯಾಚೆ ಹಸೀನಾಬಿಯ ಮನೆ. ಅವಳ ಗಂಡನದು ಬಳೆಯ ಅಂಗಡಿ, ಅವಳದು ನಾಲ್ಕಾರು ಕೋಳಿ. ಮೆಣಸಿನಕಾಯಿ ಒಣಹಾಕುತ್ತ ಇಬ್ಬರೂ ಊರಿನ ಖಬರನ್ನೆಲ್ಲ ಮಾತಾಡುತ್ತಿದ್ದರು. ಆದರೂ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ಹೊಕ್ಕಿರಲಿಲ್ಲ.

"ಹಸೀನಾ, ದಿನಾ ಒಂದು ತತ್ತಿ ಬೇಸಿ ಕೊಡ್ತೀ ಏನವಾ?"

ಹಸೀನಾಬಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. "ಯಾರಿಗ್ರಿ ಅವ್ವಾರ?"

"ನನಗಲ್ಲವಾ!" ಎಂದು ಅವ್ವ ಚೀರಿದ್ದು ಓಣಿಗೆಲ್ಲ ಕೇಳಿಸಿತು.

ಹೀಗೆ ಒಪ್ಪಂದವಾಯಿತು. ಡಾಕ್ಟರು ಹೇಳಿದಂತೆ ಮೊದಲು ಚಿಟಿಕೆಯಷ್ಟು, ಆಮೇಲೆ ಕಾಲು ಭಾಗ, ಆಮೇಲೆ ಅರ್ಧ. ತಿನ್ನುವುದು ಹಸೀನಾಬಿಯ ಅಂಗಳದಲ್ಲಿ. ತಿಂದು ಬಂದ ಕೂಡಲೇ ಅವ್ವ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದಳು; ಮರಿಯ ಮೂತಿ ತೊಳೆದು, ಸೆರಗಿನಿಂದ ಒರೆಸಿ, ಆಮೇಲೆಯೇ ಒಳಗೆ ಬಿಡುತ್ತಿದ್ದಳು. ಕೆಲವೇ ದಿನಗಳಲ್ಲಿ ಗಿರ್ಮಿಟ್ ತಾನಾಗಿಯೇ ಬಾಗಿಲಲ್ಲಿ ಕುಳಿತು ಮೂತಿ ಎತ್ತಿ ಕೊಡುವುದನ್ನು ಕಲಿತ. ಇಷ್ಟು ಮಡಿವಂತ ನಾಯಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಕಾಲುಗಳು ಒಂದಿಷ್ಟು ನೆಟ್ಟಗಾಗತೊಡಗಿದ್ದವು. ಆಗ ಹಸೀನಾಬಿಯ ಮಗಳಿಗೆ ಶಿರಹಟ್ಟಿಯಲ್ಲಿ ಹೆರಿಗೆಯಾಯಿತು. ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಕೋಳಿಗೆ ಕಾಳು ಹಾಕಲೆಂದು ಬೀಗದ ಕೈ ಅವ್ವನ ಹತ್ತಿರ ಕೊಟ್ಟಿದ್ದರು. ತತ್ತಿಯ ಚಿಂತೆ ನನಗಿರಲಿ ಎಂದು ನಾನು ಹೇಳಿ ಕಾಲೇಜಿಗೆ ಹೋದೆ. ಮಧ್ಯಾಹ್ನ ಕ್ಯಾಂಟೀನಿನಿಂದ ಬೇಯಿಸಿದ ಮೊಟ್ಟೆ ಕಟ್ಟಿಸಿಕೊಂಡು ಬಂದರೆ ಮನೆಯಲ್ಲಿ ಅವ್ವ ಇಲ್ಲ, ಮರಿಯೂ ಇಲ್ಲ. ಶಾರದಾ ನಗು ತಡೆದುಕೊಂಡು ಗೋಡೆಯಾಚೆ ಬೆರಳು ತೋರಿಸಿದಳು.

ಹಸೀನಾಬಿಯ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಒಲೆಯ ಮುಂದೆ ಅವ್ವ, ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಕಾಲ ಬಳಿ ಗಿರ್ಮಿಟ್. ಉಪ್ಪಿನ ಡಬ್ಬಿಗೆ ಆನಿಸಿದ್ದ ಮೊಬೈಲಿನಿಂದ ಹಸೀನಾಬಿಯ ಧ್ವನಿ ಬರುತ್ತಿತ್ತು.

"ಕುದ್ಯಾಕ ಹತ್ತೈತಿ ಹಸೀನಾ. ಬೆಂದದ್ದು ಹೆಂಗ ಗೊತ್ತಾಗತೈತಿ? ಅನ್ನದಂಗ ಹಿಚುಕಿ ನೋಡಾಕ ಬರಾಂಗಿಲ್ಲಲ್ಲ ಇದು!"

"ಹಿಚುಕಬ್ಯಾಡ್ರಿ ಅವ್ವಾರ! ಇನ್ನೊಂದೀಟು ಬಿಡ್ರಿ."

"ಒಂದೀಟು ಅಂದ್ರ ಎಷ್ಟು?"

"ಮುಂಜಾನೆ ದೇವರ ಹಾಡು ಹಾಡ್ತೀರಲ್ರಿ? ಅದನ್ನ ಪೂರಾ ಹಾಡ್ರಿ, ಅಷ್ಟೊತ್ತಿಗೆ ಆಗತೈತಿ."

"ತತ್ತಿ ಮುಂದ ನಿಂತು ದೇವರ ಹಾಡು ಹಾಡಲೇನ?"

ಫೋನಿನಲ್ಲಿ ನಗು, ನಗುವಿನ ಹಿಂದೆ ಎಳೆಯ ಕೂಸೊಂದು ಅಳುವ ಸದ್ದು. "ಹಂಗಾರ ಜೋಗುಳ ಹಾಡ್ರಿ ಅವ್ವಾರ. ನನ್ನ ಮೊಮ್ಮಗಳು ಮುಂಜಾನೆಯಿಂದ ಒಂದ ಸವನ ಅಳಾಕ ಹತ್ಯಾಳ, ಅಕಿನೂ ಕೇಳಲಿ."

ಅವ್ವ ಮೂಗಿನ ಮೇಲಿನ ಸೆರಗು ಸರಿಸಿ, ನನ್ನನ್ನೂ ನನ್ನ ತಂಗಿಯನ್ನೂ ಮಲಗಿಸಿದ ಅದೇ ಜೋಗುಳವನ್ನು ಹಾಡತೊಡಗಿದಳು. ಒಲೆಯ ಮೇಲೆ ತತ್ತಿ ಪಾತೇಲಿಗೆ ಟಕಟಕ ಬಡಿಯುತ್ತಿತ್ತು. ಶಿರಹಟ್ಟಿಯ ಕೂಸು ಅಳು ನಿಲ್ಲಿಸಿತು. ನಾನು ಕ್ಯಾಂಟೀನಿನ ಪೊಟ್ಟಣ ಹಿಡಿದುಕೊಂಡು ಬಾಗಿಲ ಹೊರಗೆ ನಿಂತೇ ಇದ್ದೆ. ಒಳಗೆ ಹೋಗಲು ಮನಸ್ಸಾಗಲಿಲ್ಲ.

ಹಾಡು ಮುಗಿದ ಮೇಲೆ ಅವ್ವ ತತ್ತಿಯ ಸಿಪ್ಪೆ ಸುಲಿದು, "ಅಯ್ಯ, ಒಳಗ ಬೆಣ್ಣಿಮುದ್ದಿ ಇದ್ದಂಗ ಐತಿ" ಎಂದು ಬೆರಗಾದಳು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ತಿರುಗಿ ನೋಡಿದಳು.

"ಏನ್ ನಗ್ತೀ? ಒಲಿ ಅಕೀದು, ಪಾತೇಲಿ ಅಕೀದು. ನಮ್ಮ ಮನ್ಯಾಗ ಏನರ ಬಂದೈತೇನು?"

"ನಾ ತಂದಿದ್ನಲ್ಲವ್ವಾ."

"ನೀ ತೂಕ ಮಾಡಿ ತರೂತನಕ ಅದು ಹಸಗೊಂಡು ಕುಂಡ್ರಬೇಕಿತ್ತೇನು?"

ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡೇ ಮನೆಯೊಳಗೆ ಬಂದಳು. ಹಸೀನಾಬಿ ಊರಿಗೆ ಮರಳುವವರೆಗೂ ಈ ಅಡುಗೆ, ಈ ಜೋಗುಳ, ಈ ಸ್ನಾನ ನಡೆದೇ ಇತ್ತು.

ಗಿರ್ಮಿಟ್ ಈಗ ಮರಿಯಲ್ಲ. ಕಾಲುಗಳು ಕಂಬದ ಹಾಗೆ ನೆಟ್ಟಗಿವೆ. ಹೊಟ್ಟೆಯೂ ಅದಕ್ಕೆ ತಕ್ಕಂತಿದೆ. ಮೈ ಬಂದಿದೆ, ಊಟ ಕಡಿಮೆ ಮಾಡಿ ಎಂದು ಡಾಕ್ಟರು ಮೊನ್ನೆ ಹೇಳಿದರು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ನಡುವೆ ಯಾರೂ ಏನೂ ಹಾಕಕೂಡದು ಎಂದು ಶಾರದಾ ಕಟ್ಟುನಿಟ್ಟು ಮಾಡಿದಳು. ಆದರೂ ಇವತ್ತು ನೋಡಿದರೆ ಅವನ ಮೂತಿಗೆ ಬೆಲ್ಲ ಮೆತ್ತಿತ್ತು.

"ಹಸೀನಾ ಹಾಕಿರಬೇಕು" ಎಂದಳು ಅವ್ವ. "ನಾ ಹಾಕಿಲ್ರಿ, ಅವ್ವಾರ ಹಾಕಿರಬೇಕು" ಎಂದು ಗೋಡೆಯಾಚೆಯಿಂದ ಉತ್ತರ ಬಂತು. ವಯಸ್ಸಿಗೆ ಬಂದ ನಾಯಿಗೆ ಎಷ್ಟು ಊಟ ಬೇಕು, ಎಷ್ಟು ಬೇಡ ಎಂದು ನಾನು ವಿವರಿಸಲು ಹೊರಟೆ. ಅವ್ವ ಕೈ ಅಡ್ಡ ಮಾಡಿದಳು.

"ಬಿಡೋ ತಮ್ಮಾ. ಇನ್ನೂ ಬೆಳಿಯೋ ಕೂಸೈತಿ ಅದು."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೇಜಿನ ಕೆಳಗೆ ಬೆಚ್ಚಗಿನ ಗದ್ದವೊಂದು ನನ್ನ ಪಾದದ ಮೇಲೆ ಬಂದು ಕೂತಿತು. ಮೊದಲಾಗಿದ್ದರೆ ಪಾದ ಎಳೆದುಕೊಂಡು ಲೆಕ್ಕ ಹೇಳುತ್ತಿದ್ದೆ. ಇವತ್ತು ರೊಟ್ಟಿಯ ಅಂಚು ಮುರಿದು, ಯಾರೂ ನೋಡುತ್ತಿಲ್ಲವೆಂದುಕೊಂಡು ಮೆಲ್ಲಗೆ ಕೆಳಗೆ ಕೈ ಚಾಚಿದೆ.

ಶಾರದಾಳ ಕೈ ಆಗಲೇ ಅಲ್ಲಿತ್ತು.